ತಂತಿಯೊಳಗಿನ ಟೊಳ್ಳು ಮತ್ತು ಪಾಲ್ ಲ್ಯಾಂಜೆವಿನ್

ನನ್ನ ಜಾಮಿಟ್ರಿ ಬಾಕ್ಸ್‌ನಲ್ಲಿ ಬೆರಳುದ್ದದ ಒಂದು ಉಕ್ಕಿನ ತಂತಿಯ ತುಂಡಿದೆ. ಕಂಪಾಸಿನ ಜೊತೆ ಇದೇನು ಎಂದು ಗೆಳತಿಯರು ಎಷ್ಟೋ ಸಲ ಕೇಳಿದ್ದಾರೆ. ಹೊರಗಿನಿಂದ ಅದು ಬೆಳ್ಳಿಯಂತೆ ನುಣುಪು. ಉದ್ದಕ್ಕೆ ಸೀಳಿದ ಬದಿಯನ್ನು ತಿರುಗಿಸಿದರೆ ನಟ್ಟನಡುವೆ ಬಾಣದ ತುದಿಯಂಥ ಸಣ್ಣ ಟೊಳ್ಳುಗಳು, ಒಂದರ ಹಿಂದೆ ಒಂದು. ದಪ್ಪ ಸರಳನ್ನು ಕಿರಿದಾದ ಡೈಯೊಳಗಿಂದ ಎಳೆದು ತಂತಿ ಮಾಡುವಾಗ ನಡುಭಾಗದ ಮೇಲೆ ಎಳೆತ ಮಿತಿಮೀರಿದರೆ ಹೀಗೆ ಒಳಗೊಳಗೇ ಬಿರಿಯುತ್ತದಂತೆ.

ಇದನ್ನು ಕೊಟ್ಟವನು ನನ್ನ ಅಣ್ಣ. ಡಿಪ್ಲೊಮಾ ಮುಗಿಸಿ ತಂತಿ ತಯಾರಿಸುವ ಒಂದು ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದಾನೆ. ಕಳೆದ ವರ್ಷ ಹಬ್ಬಕ್ಕೆ ಬಂದಾಗ ತಂದ. ಕತ್ತರಿಸುವ ಮೊದಲೇ ಒಳಗೆ ಟೊಳ್ಳಿದೆ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಕೂಗಿ ಕೇಳಿದೆವು, ಅದೇ ಉತ್ತರ ಕೊಟ್ಟಿತು ಎಂದು ನಕ್ಕ.

ತಮಾಷೆಯಲ್ಲ, ನಿಜವೇ. ನಮ್ಮ ಕಿವಿಗೆ ಸುಮಾರು 20,000 ಹರ್ಟ್ಜ್‌ಗಿಂತ ಮೇಲಿನ ಧ್ವನಿ ಕೇಳಿಸುವುದಿಲ್ಲ. ತಂತಿ ಪರೀಕ್ಷೆಗೆ ಬೇಕಾದದ್ದು ಅದಕ್ಕಿಂತ ನೂರಾರು ಪಟ್ಟು ಹೆಚ್ಚಿನ ಆವೃತ್ತಿ, ಅಂದರೆ ಮೆಗಾಹರ್ಟ್ಜ್‌ಗಳಲ್ಲಿ. ತಂತಿ ನೀರಿನ ತೊಟ್ಟಿಯೊಳಗೆ ಹಾದುಹೋಗುತ್ತದೆ, ಪ್ರೋಬ್ ಪಕ್ಕದಿಂದ ಧ್ವನಿಯ ಮಿಡಿತ ಕಳಿಸುತ್ತದೆ. ಉಕ್ಕಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. 10 ಮಿಲಿಮೀಟರ್ ದಪ್ಪದ ತಂತಿಯ ಆಚೆ ಗೋಡೆಗೆ ಹೋಗಿ ಮರಳಲು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಂಥ ಮೂರೂವರೆ ಭಾಗ ಸಾಕು (ನಾನೇ ಲೆಕ್ಕ ಹಾಕಿದೆ, ಸುಮಾರು 3.4 ಮೈಕ್ರೋಸೆಕೆಂಡ್). ನಡುವೆ ಟೊಳ್ಳಿದ್ದರೆ ಅಲ್ಲಿಂದಲೇ, ಅರ್ಧ ಸಮಯದಲ್ಲೇ, ಪ್ರತಿಧ್ವನಿ ಬಂದುಬಿಡುತ್ತದೆ. ಟೊಳ್ಳನ್ನು ದಾಟಿ ಧ್ವನಿ ಮುಂದೆ ಹೋಗುವುದು ಬಲು ಕಡಿಮೆ. ಕರೆಂಟಿನ ಕೇಬಲ್ ತಯಾರಿಸುವಲ್ಲಿಯೂ ಇದೇ ಉಪಾಯ: ತಾಮ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಒಂದು ಬದಿಗೆ ತೆಳ್ಳಗಾಗಿದೆಯೇ ಎಂದು ಧ್ವನಿಯಿಂದಲೇ ಅಳೆಯುತ್ತಾರೆ.

ಈ ಕೂಗುವ ಯಂತ್ರ ಯಾರದು ಎಂದು ಹುಡುಕುತ್ತಾ ಹೋದಾಗ ಸಿಕ್ಕವರು ಪಾಲ್ ಲ್ಯಾಂಜೆವಿನ್. ಫ್ರೆಂಚರು ಹೆಸರನ್ನು ಬೇರೆ ರೀತಿ ಉಚ್ಚರಿಸುತ್ತಾರೆ, ನನ್ನ ನಾಲಿಗೆಗೆ ಅದು ಬರಲಿಲ್ಲ.

1872ರ ಜನವರಿ 23ರಂದು ಪ್ಯಾರಿಸ್‌ನ ಸಾಧಾರಣ ಮನೆಯೊಂದರಲ್ಲಿ ಹುಟ್ಟಿದ ಅವರು ಅಲ್ಲಿನ ಕೈಗಾರಿಕಾ ಭೌತ ಮತ್ತು ರಸಾಯನಶಾಸ್ತ್ರ ಶಾಲೆ ಸೇರಿದರು. ಅಲ್ಲಿ ಪ್ರಯೋಗಾಲಯದಲ್ಲಿ ಕಲಿಸುತ್ತಿದ್ದವರು ಪಿಯರ್ ಕ್ಯೂರಿ. ಮುಂದೆ ಕೇಂಬ್ರಿಡ್ಜ್‌ನಲ್ಲಿ ಜೆ.ಜೆ. ಥಾಮ್ಸನ್ ಬಳಿ ಒಂದು ವರ್ಷ, 1902ರಲ್ಲಿ ಡಾಕ್ಟರೇಟ್, 1905ರಲ್ಲಿ ಕಾಂತತ್ವದ ಸಿದ್ಧಾಂತ. ದ್ವಿತೀಯ ಪಿಯುಸಿಯಲ್ಲಿ ಡಿ ಬ್ರಾಗ್ಲಿಯ ದ್ರವ್ಯ ತರಂಗ ಓದುತ್ತೇವಲ್ಲ, ಆ 1924ರ ಪ್ರಬಂಧವನ್ನು ಐನ್‌ಸ್ಟೈನ್‌ಗೆ ಕಳಿಸಿಕೊಟ್ಟವರೂ ಇವರೇ.

ನಮಗೆ ಬೇಕಾದ ಕಥೆ ಮೊದಲ ಮಹಾಯುದ್ಧದ್ದು. ಜರ್ಮನ್ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸುತ್ತಿದ್ದವು. ಸಮುದ್ರದೊಳಗೆ ಬೆಳಕು ದೂರ ಹೋಗದು, ರೇಡಿಯೋ ತರಂಗವೂ ಹೋಗದು. ಹೋಗುವುದು ಧ್ವನಿ ಮಾತ್ರ. ಚಿಲೋವ್ಸ್ಕಿ ಎಂಬ ರಷ್ಯನ್ ಎಂಜಿನಿಯರ್ 1915ರಲ್ಲಿ ಶ್ರವಣಾತೀತ ಧ್ವನಿಯ ಪ್ರತಿಧ್ವನಿಯಿಂದ ಅವುಗಳನ್ನು ಪತ್ತೆಹಚ್ಚಬಹುದೆಂದು ಫ್ರೆಂಚ್ ಸರ್ಕಾರಕ್ಕೆ ಸೂಚಿಸಿದರು. ಕೆಲಸ ಲ್ಯಾಂಜೆವಿನ್‌ಗೆ ಬಂತು. ಆವೃತ್ತಿ ಹೆಚ್ಚಿದಷ್ಟೂ ತರಂಗದೂರ ಕಡಿಮೆ; ಆಗ ಧ್ವನಿ ಎಲ್ಲೆಡೆ ಚದುರದೆ ಟಾರ್ಚಿನ ಬೆಳಕಿನಂತೆ ಒಂದೇ ದಿಕ್ಕಿಗೆ ಸಾಗುತ್ತದೆ. ಆದರೆ ಅಂಥ ಧ್ವನಿಯನ್ನು ನೀರಿನಲ್ಲಿ ಜೋರಾಗಿ ಹುಟ್ಟಿಸುವುದು ಹೇಗೆ? ಮೊದಲ ಉಪಕರಣಗಳು ಸಾಲಲಿಲ್ಲ.

1917ರಲ್ಲಿ ಅವರಿಗೆ ಹಳೆಯ ಗುರುವಿನ ಹರಳು ನೆನಪಾಯಿತು. 1880ರಲ್ಲೇ ಪಿಯರ್ ಮತ್ತು ಅವರ ಅಣ್ಣ ಜಾಕ್ ಕ್ಯೂರಿ ಬೆಣಚುಕಲ್ಲಿನಂಥ ಹರಳುಗಳನ್ನು ಒತ್ತಿದರೆ ವಿದ್ಯುದಾವೇಶ ಹುಟ್ಟುವುದನ್ನು ಕಂಡಿದ್ದರು. ವಿದ್ಯುತ್ ಕೊಟ್ಟರೆ ಹರಳು ಹಿಗ್ಗಿ ಕುಗ್ಗುವುದನ್ನು ಮರುವರ್ಷ ತೋರಿಸಿದ್ದರು. ಪಿಯರ್ 1906ರಲ್ಲಿ ರಸ್ತೆಯಲ್ಲಿ ಕುದುರೆಗಾಡಿಗೆ ಸಿಕ್ಕಿ ತೀರಿಕೊಂಡಿದ್ದರು. ಲ್ಯಾಂಜೆವಿನ್ ಬೆಣಚುಕಲ್ಲಿನ ತೆಳು ಚೂರುಗಳನ್ನು ಒಂದರ ಪಕ್ಕ ಒಂದಿಟ್ಟು ಎರಡು ಉಕ್ಕಿನ ಫಲಕಗಳ ನಡುವೆ ಅಂಟಿಸಿದರು. ಅದೇ ಕೂಗುವ ಬಾಯಿ, ಅದೇ ಕೇಳುವ ಕಿವಿ. ಟೂಲಾನ್ ಬಂದರಿನಲ್ಲಿ ಪರೀಕ್ಷಿಸುವಾಗ ಧ್ವನಿಯ ದಾರಿಗೆ ಬಂದ ಮೀನುಗಳು ಸತ್ತವು, ನೀರಿಗೆ ಇಟ್ಟ ಕೈ ನೋಯಿತು. 1918ರಲ್ಲಿ ಜಲಾಂತರ್ಗಾಮಿಯಿಂದ ಪ್ರತಿಧ್ವನಿ ಸ್ಪಷ್ಟವಾಗಿ ಬಂತು. ಅಷ್ಟರಲ್ಲಿ ಯುದ್ಧವೇ ಮುಗಿಯಿತು.

ಸಮುದ್ರದಿಂದ ಲೋಹಕ್ಕೆ ಈ ಉಪಾಯ ಬಂದದ್ದು ಬೇರೆಯವರ ಕೈಯಲ್ಲಿ. 1928ರಲ್ಲಿ ರಷ್ಯಾದ ಸೊಕೊಲೊವ್ ಲೋಹದ ಒಳದೋಷಗಳನ್ನು ಶ್ರವಣಾತೀತ ಧ್ವನಿಯಿಂದ ಹುಡುಕಬಹುದೆಂದರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಫೈರ್‌ಸ್ಟೋನ್ 1940ರ ದಶಕದಲ್ಲಿ ಪ್ರತಿಧ್ವನಿಯ ಯಂತ್ರ ಮಾಡಿದರು. ನಮ್ಮ ರಾಜ್ಯದ ನಂಟೂ ಇದೆ: ಇಂಥ ಧ್ವನಿ ಹಾಯುವ ದ್ರವದಲ್ಲಿ ಬೆಳಕು ಹೇಗೆ ಹರಡುತ್ತದೆಂದು ವಿವರಿಸಿದ ಸಿದ್ಧಾಂತವನ್ನು 1935ರಲ್ಲಿ ಬೆಂಗಳೂರಿನಲ್ಲಿ ರಾಮನ್ ಮತ್ತು ನಾಗೇಂದ್ರನಾಥ್ ಕೊಟ್ಟರು.

ಇಷ್ಟೇ ಆಗಿದ್ದರೆ ಇದು ಒಂದು ಉಪಕರಣದ ಕಥೆಯಾಗುತ್ತಿತ್ತು. ಫ್ಯಾಸಿಸಂ ತಲೆಯೆತ್ತಿದಾಗ ಲ್ಯಾಂಜೆವಿನ್ ಸುಮ್ಮನಿರಲಿಲ್ಲ. 1934ರಲ್ಲಿ ಅದರ ವಿರುದ್ಧ ಸೇರಿದ ಫ್ರೆಂಚ್ ವಿದ್ವಾಂಸರ ಸಮಿತಿಯ ಮುಂದಾಳುಗಳಲ್ಲಿ ಅವರೊಬ್ಬರು. ಜರ್ಮನರು ಪ್ಯಾರಿಸ್ ಹಿಡಿದ ಮೇಲೆ, 1940ರ ಅಕ್ಟೋಬರ್ 30ರಂದು, 68ರ ಆ ಮುದುಕರನ್ನು ಬಂಧಿಸಿ ಸಾಂತೆ ಜೈಲಿಗೆ ಹಾಕಿದರು. ಅವರ ಬಿಡುಗಡೆಗಾಗಿ ವಿದ್ಯಾರ್ಥಿಗಳು ಬೀದಿಗಿಳಿದರು. ಜೈಲಿನಿಂದ ಬಿಟ್ಟರೂ ತ್ರುವಾ ಎಂಬ ಊರಿನಲ್ಲಿ ಕಾವಲಿನಲ್ಲಿಟ್ಟರು. 1942ರ ಮೇ ತಿಂಗಳಲ್ಲಿ ಅಳಿಯ, ಭೌತವಿಜ್ಞಾನಿ ಜಾಕ್ ಸೊಲೊಮನ್ ಅವರನ್ನು ಗುಂಡಿಟ್ಟು ಕೊಂದರು. 1943ರ ಜನವರಿಯಲ್ಲಿ ಮಗಳು ಎಲೆನ್ ಅವರನ್ನು ಆಶ್‌ವಿಟ್ಜ್ ಶಿಬಿರಕ್ಕೆ ಸಾಗಿಸಿದರು. 1944ರಲ್ಲಿ ಲ್ಯಾಂಜೆವಿನ್ ತಪ್ಪಿಸಿಕೊಂಡು ಸ್ವಿಟ್ಜರ್ಲೆಂಡ್ ಸೇರಿದರು. ಪ್ಯಾರಿಸ್ ಬಿಡುಗಡೆಯಾದ ಮೇಲೆ ಮರಳಿ ಬಂದು, ದೇಶದ ಶಿಕ್ಷಣವನ್ನು ಸುಧಾರಿಸುವ ಆಯೋಗದ ಅಧ್ಯಕ್ಷರಾದರು. 1946ರ ಡಿಸೆಂಬರ್ 19ರಂದು ತೀರಿಕೊಂಡರು. ಎರಡು ವರ್ಷದ ಬಳಿಕ ಅವರ ಅವಶೇಷವನ್ನು ರಾಷ್ಟ್ರೀಯ ಗೌರವದೊಂದಿಗೆ ಪ್ಯಾಂಥಿಯನ್‌ಗೆ ತಂದರು.

ಇನ್ನು ನನ್ನ ತುಂಡಿನ ಕಥೆ. ಆ ದಿನ ಪರದೆಯ ಮೇಲೆ ಬರಬಾರದ ಕಡೆ ಒಂದು ಸಣ್ಣ ಗೆರೆ ಎದ್ದಿತ್ತು. ಹೊರಗೆ ಲಾರಿ ಕಾಯುತ್ತಿತ್ತು. ತಂತಿ ಕ್ರೇನಿನ ಹಗ್ಗಕ್ಕೆ ಹೋಗಬೇಕಾದದ್ದು. ನೋಡಲು ಚೆನ್ನಾಗಿಯೇ ಇದೆ, ಸಹಿ ಹಾಕು ಎಂದು ಮೇಲಿನವರು ಹೇಳಿದರಂತೆ. ಅಣ್ಣ ಹಾಕಲಿಲ್ಲ. ಕೆಲಸಕ್ಕೆ ಸೇರಿ ಆಗ ಇನ್ನೂ ಐದು ತಿಂಗಳು. ಬೈಗುಳ ತಿಂದ, ಎರಡು ವಾರ ಗೋದಾಮಿನಲ್ಲಿ ಎಣಿಕೆ ಕೆಲಸ ಮಾಡಿದ. ಕೊನೆಗೆ ಯಾರೋ ಆ ಸುರುಳಿಯನ್ನು ಕತ್ತರಿಸಿ ನೋಡಿದರು.

ಈ ಸಲ ಬಂದಾಗ ಲ್ಯಾಂಜೆವಿನ್ ಅವರ ದಪ್ಪ ಮೀಸೆಯ ಚಿತ್ರ ತೋರಿಸಿದೆ. ದಿನವೂ ಪ್ರೋಬ್ ಹಿಡಿಯುವ ಅವನಿಗೆ ಹೆಸರೇ ಗೊತ್ತಿರಲಿಲ್ಲ. ಈಗ ಒಳಗಿರುವುದು ಬೆಣಚುಕಲ್ಲಲ್ಲ, ಸಿರಾಮಿಕ್ ಎಂದು ನನ್ನನ್ನು ತಿದ್ದಿದ. ಜೈಲಿನ ಸಂಗತಿ ಬಂದಾಗ ಮಾತ್ರ ಊಟ ನಿಲ್ಲಿಸಿ ಕೇಳಿದ. ಅಡುಗೆಮನೆಯಿಂದ ಉಮ್ಮ, ಆ ಮಗಳು ಏನಾದಳು ಎಂದು ವಿಚಾರಿಸಿದರು. 1945ರಲ್ಲಿ ಜೀವಂತ ಮರಳಿದರು, ಆಗಿನ್ನೂ ತಂದೆ ಬದುಕಿದ್ದರು ಎಂದೆ.