ಗಗನಸಾಹಸಿ ಒಟ್ಟೊ ಲಿಲಿಯೆಂತಾಲ್

ವಿಮಾನವೆಂದೊಡನೆ ಅಮೆರಿಕದ ರೈಟ್ ಸಹೋದರರ ಹೆಸರು ನಾಲಗೆಯ ತುದಿಗೆ ಬರುವುದು ಸಹಜ. ಆದರೆ ಆ ಸಹೋದರರು ಬೈಸಿಕಲ್ ಅಂಗಡಿಯನ್ನು ನಡೆಸಿಕೊಂಡಿದ್ದ ದಿನಗಳಲ್ಲಿ, 1896ರ ಆಗಸ್ಟ್ ತಿಂಗಳಲ್ಲಿ, ಜರ್ಮನಿಯಿಂದ ಬಂದ ಒಂದು ಮರಣವಾರ್ತೆಯನ್ನು ಅರಿಯದೆ ಹೋಗಿದ್ದರೆ ಅವರ ಮನಸ್ಸು ಆಕಾಶದ ಕಡೆಗೆ ಅಷ್ಟು ಬಲವಾಗಿ ತಿರುಗುತ್ತಿತ್ತೇ ಎಂಬುದು ಸಂದೇಹಾಸ್ಪದ. ಅಂದು ಮಡಿದವನು ಒಟ್ಟೊ ಲಿಲಿಯೆಂತಾಲ್. ಎರಡು ಸಾವಿರಕ್ಕೂ ಹೆಚ್ಚು ಸಲ ಗುಡ್ಡದ ನೆತ್ತಿಯಿಂದ ಗಾಳಿಗೆ ಮೈಯೊಡ್ಡಿ ನೆಲಕ್ಕಿಳಿದಿದ್ದ ಆ ಧೀರನು ಒಂದು ಭಾನುವಾರ ಮಾತ್ರ ಸುಖವಾಗಿ ಇಳಿಯಲಿಲ್ಲ.

ಅಂದಿನ ಪ್ರಷ್ಯ ರಾಜ್ಯಕ್ಕೆ ಸೇರಿದ ಪೊಮರೇನಿಯ ಪ್ರಾಂತದ ಆಂಕ್ಲಾಮ್ ಎಂಬ ಸಣ್ಣ ಪಟ್ಟಣದಲ್ಲಿ 1848ರ ಮೇ 23ರಂದು ಒಟ್ಟೊ ಜನಿಸಿದನು. ತಂದೆ ಬಟ್ಟೆಯ ವ್ಯಾಪಾರಿ. ತಾಯಿ ಕ್ಯಾರೊಲೀನ್ ಸಂಗೀತ ಬಲ್ಲ ಸುಸಂಸ್ಕೃತ ಮಹಿಳೆ. ಎಂಟು ಮಕ್ಕಳಲ್ಲಿ ಐವರು ಎಳವೆಯಲ್ಲಿಯೇ ತೀರಿಕೊಂಡು ಒಟ್ಟೊ, ಅವನ ತಮ್ಮ ಗುಸ್ಟಾಫ್ ಮತ್ತು ತಂಗಿ ಮರೀ ಈ ಮೂವರು ಮಾತ್ರ ಉಳಿದರು. 1861ರಲ್ಲಿ ತಂದೆಯೂ ತೀರಿಹೋದನು. ವಿಧವೆಯಾದ ತಾಯಿ ಎದೆಗುಂದದೆ ಮಕ್ಕಳನ್ನು ಓದಿಸಿದಳು. ಅವರ ವಿಚಿತ್ರ ಹವ್ಯಾಸಗಳಿಗೂ ಅಡ್ಡಿಬರಲಿಲ್ಲ. ಹವ್ಯಾಸವಾದರೂ ಎಂಥದು! ಊರ ಸುತ್ತಣ ಹುಲ್ಲುಗಾವಲುಗಳಿಗೆ ಬೇಸಗೆಯಲ್ಲಿ ಬಂದಿಳಿಯುತ್ತಿದ್ದ ಬಿಳಿಯ ಕೊಕ್ಕರೆಗಳನ್ನು ಅಣ್ಣತಮ್ಮಂದಿರು ಗಂಟೆಗಟ್ಟಲೆ ನೋಡುತ್ತ ಕೂರುತ್ತಿದ್ದರು. ಅಷ್ಟು ಭಾರದ ಹಕ್ಕಿ ರೆಕ್ಕೆ ಬಡಿಯದೆಯೇ ಗಾಳಿಯಲ್ಲಿ ತೇಲುವುದು ಹೇಗೆ? ಗಾಳಿಗೆ ಎದುರಾಗಿಯೇ ಓಡಿ ಮೇಲೇಳುವುದು ಏಕೆ? ಮರದ ತೆಳು ಹಲಗೆಗಳಿಂದ ರೆಕ್ಕೆಗಳನ್ನು ಕಟ್ಟಿ ತೋಳಿಗೆ ಬಿಗಿದುಕೊಂಡು ಅವರು ದಿಬ್ಬದಿಂದ ಓಡಿದ್ದೂ ಉಂಟು. ಸಹಪಾಠಿಗಳು ಕಂಡು ನಕ್ಕಾರೆಂಬ ಅಂಜಿಕೆಯಿಂದ ಈ ಪ್ರಯೋಗಕ್ಕೆ ರಾತ್ರಿಯ ಹೊತ್ತನ್ನು ಆರಿಸಿಕೊಂಡಿದ್ದರು. ಹಾರಿದ್ದು ಮಾತ್ರ ಇಲ್ಲ.

ಪೋಟ್ಸ್‌ಡಾಮ್ ನಗರದಲ್ಲಿ ತಾಂತ್ರಿಕ ಶಿಕ್ಷಣ ಪಡೆದು, ಬರ್ಲಿನ್ನಿನ ಒಂದು ಯಂತ್ರ ಕಾರ್ಖಾನೆಯಲ್ಲಿ ಕೈಕೆಲಸ ಕಲಿತು, ಅಲ್ಲಿಯ ಔದ್ಯೋಗಿಕ ವಿದ್ಯಾಲಯದಲ್ಲಿ 1867ರಿಂದ 1870ರವರೆಗೆ ಓದಿ ಒಟ್ಟೊ ಎಂಜಿನಿಯರನಾದನು. ಫ್ರಾನ್ಸ್ ಮತ್ತು ಪ್ರಷ್ಯಗಳ ಯುದ್ಧದಲ್ಲಿ ಸೈನಿಕನಾಗಿ ಹೋಗಿಬಂದು ಮತ್ತೆ ಯಂತ್ರಗಳ ನಡುವೆ ನೆಲೆನಿಂತನು. 1878ರಲ್ಲಿ ಆಗ್ನೆಸ್ ಫಿಷರ್ ಎಂಬ ಗಣಿಗಾರಿಕೆಯ ಮನೆತನದ ಕನ್ಯೆಯನ್ನು ವರಿಸಿದನು, ನಾಲ್ವರು ಮಕ್ಕಳಾದರು. ಜೀವನೋಪಾಯಕ್ಕೆ ಅವನು ಹಿಡಿದ ಉದ್ಯಮವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಆ ಕಾಲದ ಉಗಿಯಂತ್ರಗಳ ದೊಡ್ಡ ಬಾಯ್ಲರುಗಳು ಸಿಡಿದು ಕೆಲಸಗಾರರನ್ನು ಬಲಿ ತೆಗೆದುಕೊಳ್ಳುತ್ತಿದ್ದುದು ಅಪರೂಪವಾಗಿರಲಿಲ್ಲ. ಲಿಲಿಯೆಂತಾಲನು ಹಾವಿನಂತೆ ಸುತ್ತಿದ ಸಣ್ಣ ಕೊಳವೆಗಳಲ್ಲಿ ನೀರನ್ನು ಕಾಯಿಸುವ, ಸಿಡಿಯುವ ಭಯ ಬಹುಮಟ್ಟಿಗೆ ಇಲ್ಲದ ಬಾಯ್ಲರನ್ನು ರೂಪಿಸಿ ಪೇಟೆಂಟ್ ಪಡೆದನು. ಸಣ್ಣ ಕಸಬುದಾರರಿಗೆ ಒದಗುವ ಯಂತ್ರಗಳನ್ನು ಮಾರಿ ಸ್ವಂತ ಕಾರ್ಖಾನೆಯನ್ನು ಬೆಳೆಸಿದನು. ಅಪಾಯವನ್ನು ತಗ್ಗಿಸುವುದೇ ಅವನ ಅನ್ನದ ದಾರಿಯಾಗಿತ್ತು. ಹಾರಾಟಕ್ಕಿಳಿದವನು ಹುಂಬನೆಂದು ಭಾವಿಸುವವರು ಈ ಸಂಗತಿಯನ್ನು ಮರೆಯಬಾರದು. 1890ರಲ್ಲಿ ಅವನು ಕಾರ್ಖಾನೆಯ ಲಾಭದಲ್ಲಿ ನೂರಕ್ಕೆ ಇಪ್ಪತ್ತೈದರಷ್ಟನ್ನು ಕೆಲಸಗಾರರಿಗೆ ಹಂಚುವ ಏರ್ಪಾಡನ್ನೂ ಮಾಡಿದನು. ಬಡವರಿಗೆ ಅಗ್ಗದ ದರದಲ್ಲಿ ನಾಟಕ ತೋರಿಸುವ ರಂಗಮಂದಿರವೊಂದರಲ್ಲಿ ಪಾಲುದಾರನಾಗಿ, ತಾನೇ ಒಂದು ನಾಟಕವನ್ನೂ ಬರೆದನು.

ಇವೆಲ್ಲದರ ನಡುವೆ ಕೊಕ್ಕರೆಯನ್ನು ಮಾತ್ರ ಅವನು ಮರೆಯಲಿಲ್ಲ. ತಿರುಗುವ ತೋಳಿನ ತುದಿಗೆ ನಾನಾ ಆಕಾರದ ಫಲಕಗಳನ್ನು ಕಟ್ಟಿ, ಗಾಳಿ ಅವುಗಳನ್ನು ಎಷ್ಟು ಬಲದಿಂದ ಎತ್ತುತ್ತದೆ, ಎಷ್ಟು ಬಲದಿಂದ ಹಿಂದಕ್ಕೆ ತಳ್ಳುತ್ತದೆ ಎಂಬುದನ್ನು ಅಣ್ಣತಮ್ಮಂದಿರು ವರ್ಷಗಟ್ಟಲೆ ಅಳೆದರು. ಚಪ್ಪಟೆಯಾದ ಫಲಕಕ್ಕಿಂತ ಹಕ್ಕಿಯ ರೆಕ್ಕೆಯಂತೆ ಮೆಲುವಾಗಿ ಬಾಗಿದ ಫಲಕವೇ ಹೆಚ್ಚು ಎತ್ತುವ ಬಲವನ್ನು ಕೊಡುತ್ತದೆಂಬುದು ಅಂಕಿಗಳ ಮೂಲಕ ಸಿದ್ಧವಾಯಿತು. ಈ ಅಳತೆಗಳನ್ನೆಲ್ಲ ಒಳಗೊಂಡು, ಹಕ್ಕಿಯ ಹಾರಾಟವೇ ಹಾರುವ ಕಲೆಗೆ ತಳಹದಿಯೆಂದು ಸಾರುವ ಅವನ ಗ್ರಂಥವು 1889ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟವಾಯಿತು. ಅಂದು ಕೊಂಡವರು ಸ್ವಲ್ಪವೇ ಮಂದಿ.

ಗ್ರಂಥ ಬರೆದವನು ಗ್ರಂಥದಲ್ಲಿಯೇ ನಿಲ್ಲಲಿಲ್ಲ. ಆಗ ಅವನಿಗೆ ನಲವತ್ತು ದಾಟಿತ್ತು. ಮನೆಯ ತೋಟದಲ್ಲಿ ಚಿಮ್ಮುಹಲಗೆಯೊಂದನ್ನು ಹಾಕಿ, ರೆಕ್ಕೆಗಳನ್ನು ಹೊತ್ತು ಅದರ ಮೇಲಿಂದ ಜಿಗಿಯುವುದೇ ಮೊದಲ ಪಾಠ. ಹಲಗೆಯ ಎತ್ತರವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋದನು. 1891ರಲ್ಲಿ ಪೋಟ್ಸ್‌ಡಾಮಿನ ಪಶ್ಚಿಮಕ್ಕಿರುವ ಡೆರ್ವಿಟ್ಸ್ ಗ್ರಾಮದ ಬಳಿ ಸುಮಾರು 25 ಮೀಟರು ದೂರ ಗಾಳಿಯಲ್ಲಿ ಜಾರಿದನು. ಮುಂದೆ ರಿನೋ ಗುಡ್ಡಗಳಲ್ಲಿ ಈ ದೂರ 250 ಮೀಟರಿಗೆ ಏರಿತು. 1894ರಲ್ಲಿ ಬರ್ಲಿನ್ನಿನ ಲಿಕ್ಟರ್‌ಫೆಲ್ಡೆಯಲ್ಲಿ ಸುಮಾರು 15 ಮೀಟರು ಎತ್ತರದ ಕೃತಕ ಗುಡ್ಡವೊಂದನ್ನು ಸ್ವಂತ ಖರ್ಚಿನಲ್ಲಿ ಹಾಕಿಸಿದನು. ಅದು ಎಲ್ಲ ಕಡೆಗೂ ಸಮನಾಗಿ ಇಳಿಯುವ ಶಂಕುವಿನಾಕಾರದ ಗುಡ್ಡ. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಅದಕ್ಕೆ ಎದುರಾಗಿಯೇ ಓಡಿ ಹಾರಬಹುದಾಗಿತ್ತು. ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಹಾರಿದವನು ನೆಲವನ್ನು ಅತಿವೇಗದಿಂದ ಮುಟ್ಟುವನೆಂಬುದು ಕೊಕ್ಕರೆಗೆ ತಿಳಿದ ವಿಷಯ, ಅವನಿಗೂ ತಿಳಿದಿತ್ತು.

ಅದೇ ವರ್ಷ ಅವನು ತನ್ನ ಸಾಮಾನ್ಯ ಗ್ಲೈಡರನ್ನು ಮಾರಾಟಕ್ಕಾಗಿ ತಯಾರಿಸತೊಡಗಿದನು. ವಿಲ್ಲೋ ಮರದ ಕಡ್ಡಿಗಳ ಮೇಲೆ ಹತ್ತಿಯ ಬಟ್ಟೆಯನ್ನು ಬಿಗಿದ ಆ ಸಾಧನದ ರೆಕ್ಕೆಗಳ ಹರವು 6.7 ಮೀಟರು, ತೂಕ ಸುಮಾರು 20 ಕಿಲೋಗ್ರಾಂ. ಕನಿಷ್ಠ ಒಂಬತ್ತು ಗ್ಲೈಡರುಗಳು ಮಾರಾಟವಾದವು. ರಷ್ಯದ ವಿಜ್ಞಾನಿ ಜುಕೋವ್‌ಸ್ಕಿ ಮತ್ತು ಬ್ರಿಟನ್ನಿನ ತರುಣ ಎಂಜಿನಿಯರ್ ಪರ್ಸಿ ಪಿಲ್ಚರ್ ಕೊಂಡವರಲ್ಲಿ ಸೇರಿದ್ದರು. ಮನುಷ್ಯನು ರೆಕ್ಕೆ ಕಟ್ಟಿಕೊಂಡು ಗಾಳಿಯಲ್ಲಿ ನಿಂತಿರುವ ಛಾಯಾಚಿತ್ರಗಳು ಲೋಕದ ಪತ್ರಿಕೆಗಳಲ್ಲೆಲ್ಲ ಅಚ್ಚಾದವು. ಇಷ್ಟೆಲ್ಲ ಕೀರ್ತಿ ಬಂದರೂ ಅವನು ಗಾಳಿಯಲ್ಲಿ ಕಳೆದ ಒಟ್ಟು ಕಾಲವನ್ನು ಕೂಡಿಸಿದರೆ ಸುಮಾರು ಐದು ಗಂಟೆಗಳೇ ಆಗುತ್ತವೆಂದು ಲೆಕ್ಕಹಾಕಿದ್ದಾರೆ. ಇಂದು ಲಘುವಿಮಾನ ಕಲಿಯುವ ಶಿಷ್ಯನು ಗುರುವಿನ ಜೊತೆಯಲ್ಲಿ ಕೆಲವೇ ದಿನಗಳಲ್ಲಿ ಪಡೆಯುವ ಅನುಭವವದು. ಲಿಲಿಯೆಂತಾಲನಿಗೆ ಗುರುವಿರಲಿಲ್ಲ.

ಈ ಗ್ಲೈಡರಿಗೆ ಇಂದಿನ ವಿಮಾನದಂತೆ ಚಲಿಸುವ ಪಟಲಗಳಿರಲಿಲ್ಲ. ಹಾರುವವನು ಮುಂಗೈಗಳನ್ನು ಚೌಕಟ್ಟಿನೊಳಗೆ ತೂರಿಸಿ, ಎದೆಯಿಂದ ಕೆಳಗಿನ ಮೈಯನ್ನು ಜೋತುಬಿಟ್ಟು, ಕಾಲುಗಳನ್ನು ಅತ್ತಿತ್ತ ಬೀಸಿಯೇ ಸಮತೋಲವನ್ನು ಸಾಧಿಸಬೇಕಾಗಿತ್ತು. ಎಡಗಡೆಯ ರೆಕ್ಕೆ ಎದ್ದರೆ ಕಾಲನ್ನು ಎಡಕ್ಕೆ ಬೀಸಬೇಕು. ಮೂತಿ ಮೇಲೆದ್ದರೆ ಮುಂದಕ್ಕೆ ಬೀಸಬೇಕು. ಆದರೆ ಭುಜ ಮತ್ತು ಎದೆ ರೆಕ್ಕೆಗಳ ನಡುವೆಯೇ ಸಿಕ್ಕಿಕೊಂಡಿರುವುದರಿಂದ ಗುರುತ್ವಕೇಂದ್ರವನ್ನು ಬಹಳ ಕಡಿಮೆ ದೂರ ಮಾತ್ರ ಸರಿಸಲು ಸಾಧ್ಯವಿತ್ತು. ಅದರ ಮೇಲೆ ಇನ್ನೊಂದು ತೊಡಕು. ಭಾರವಾದ ಬಂಡಿ ತನ್ನ ಓಟವನ್ನು ತಟ್ಟನೆ ಬಿಡುವುದಿಲ್ಲ. ಹಗುರವಾದ ಸಾಧನವಾದರೋ ಒಂದು ಗಾಳಿಯ ಬಡಿತಕ್ಕೆ ತನ್ನ ವೇಗವನ್ನೆಲ್ಲ ಕಳೆದುಕೊಳ್ಳುತ್ತದೆ. ರೆಕ್ಕೆಯು ಗಾಳಿಯನ್ನು ಎದುರಿಸುವ ಕೋನ ಒಂದು ಮಿತಿಯನ್ನು ಮೀರಿತೆಂದರೆ ಅದರ ಬೆನ್ನಿನ ಮೇಲೆ ನಯವಾಗಿ ಹರಿಯುತ್ತಿದ್ದ ಗಾಳಿ ಕಿತ್ತುಹೋಗಿ ಸುಳಿಯಾಗುತ್ತದೆ. ಎತ್ತುವ ಬಲ ಕುಸಿಯುತ್ತದೆ. ಮೂತಿ ನೆಲದ ಕಡೆಗೆ ತಿರುಗುತ್ತದೆ. ಸಾಕಷ್ಟು ಎತ್ತರವಿದ್ದರೆ ಬೀಳುತ್ತ ಬೀಳುತ್ತ ವೇಗ ಗಳಿಸಿ ಮತ್ತೆ ನೇರವಾಗಬಹುದು. ಎತ್ತರವಿಲ್ಲದಿದ್ದರೆ ನೆಲವೇ ಮೊದಲು ಬರುತ್ತದೆ.

ಇದನ್ನು ಅವನು ಪುಸ್ತಕದಿಂದಲ್ಲ, ಮೈಮೇಲೆ ಬಂದ ಪೆಟ್ಟಿನಿಂದಲೇ ಕಲಿತಿದ್ದನು. 1894ರಲ್ಲಿ ಒಮ್ಮೆ ಗ್ಲೈಡರು ತಲೆಯೆತ್ತಿ ನಿಂತು, ಮರುಕ್ಷಣ ಮುಮ್ಮೊಗವಾಗಿ ಬಿದ್ದಿತು. ಅಂದು ಮುಂಭಾಗದಲ್ಲಿ ಬಿಲ್ಲಿನಂತೆ ಬಗ್ಗಿಸಿ ಕಟ್ಟಿದ್ದ ಕಡ್ಡಿಯ ಬಳೆ ನೆಲಕ್ಕೆ ಮೊದಲು ತಾಗಿ ಚೂರುಚೂರಾಯಿತು. ಸಣ್ಣಪುಟ್ಟ ಗಾಯಗಳೊಡನೆ ಅವನು ಉಳಿದನು. ಇಂಥ ಅನುಭವಗಳ ಬಳಿಕ ಅವನು ಹೊಸಬರಿಗಾಗಿ ಎಚ್ಚರಿಕೆಗಳನ್ನು ಬರೆದನು: ಮೊದಲು ತಗ್ಗು ದಿಬ್ಬಗಳಲ್ಲಿ ಅಭ್ಯಾಸ ಮಾಡಬೇಕು, ಸಾಧನ ಮೈಗೆ ಒಗ್ಗುವವರೆಗೆ ಬಲವಾದ ಗಾಳಿಗೆ ಹೋಗಬಾರದು ಎಂಬುದು ಅವುಗಳ ತಾತ್ಪರ್ಯ. 1895ರಲ್ಲಿ ಒಂದರ ಮೇಲೊಂದು ರೆಕ್ಕೆಗಳುಳ್ಳ ಜೋಡಿಗ್ಲೈಡರುಗಳನ್ನು ಕಟ್ಟಿದ್ದಕ್ಕೂ ಇದೇ ಕಾರಣ. ರೆಕ್ಕೆಯ ಹರವು ಕಡಿಮೆಯಾದಷ್ಟೂ ಮೈಯ ಬೀಸಿಗೆ ಅದು ಬೇಗ ಮಣಿಯುತ್ತದೆ.

1896ರ ಆಗಸ್ಟ್ 9, ಭಾನುವಾರ. ಸ್ಟೊಲ್ನ್ ಗ್ರಾಮದ ಬಳಿಯ ಗೊಲೆನ್‌ಬರ್ಗ್ ಗುಡ್ಡಕ್ಕೆ ಅವನು ಹಿಂದಿನ ವಾರಗಳಂತೆಯೇ ಬಂದಿದ್ದನು. ಜೊತೆಯಲ್ಲಿ ಅವನ ಮೆಕ್ಯಾನಿಕ್ ಪೌಲ್ ಬೈಲಿಕ್ ಇದ್ದನು. ಬಿಸಿಲು ಚೆನ್ನಾಗಿತ್ತು. ಸಾಧನವೂ ಹೊಸದಲ್ಲ, ಕೈಗೆ ಪಳಗಿದ ಸಾಮಾನ್ಯ ಗ್ಲೈಡರೇ. ಮೊದಲ ಹಾರಾಟಗಳು ಸೊಗಸಾಗಿ ಮುಗಿದವು. ಮತ್ತೊಮ್ಮೆ ಏರಿದಾಗ, ಕಾದ ನೆಲದಿಂದ ಬುಗ್ಗೆಯಂತೆ ಎದ್ದ ಗಾಳಿ ರೆಕ್ಕೆಗಳ ಕೆಳಗೆ ಹೊಕ್ಕಿತೆಂದು ತೋರುತ್ತದೆ. ಗ್ಲೈಡರು ಗಾಳಿಯಲ್ಲಿ ತಡೆದು ನಿಂತಿತು. ಅವನು ಕಾಲುಗಳನ್ನು ಮುಂದಕ್ಕೆ ಬೀಸಿ ಮೂತಿಯನ್ನು ತಗ್ಗಿಸಲೆಳಸಿದನು. ಮೂತಿ ತಗ್ಗಿದ್ದೇನೋ ನಿಜ, ಆದರೆ ತಗ್ಗಿದ್ದು ಮತ್ತೆ ಏಳಲಿಲ್ಲ. ಸುಮಾರು 15 ಮೀಟರು ಎತ್ತರದಿಂದ, ಅಂದರೆ ಅವನು ಸುರಕ್ಷಿತವೆಂದು ಸ್ವತಃ ಹಾಕಿಸಿಕೊಂಡಿದ್ದ ಅಭ್ಯಾಸದ ಗುಡ್ಡದಷ್ಟೇ ಎತ್ತರದಿಂದ, ಅವನು ಗ್ಲೈಡರಿನೊಡನೆ ನೆಲಕ್ಕಪ್ಪಳಿಸಿದನು. ಅಷ್ಟು ಎತ್ತರದಿಂದ ಬೀಳುವ ಕಲ್ಲು ನೆಲ ಮುಟ್ಟಲು ಎರಡು ಸೆಕೆಂಡು ಸಹ ಬೇಡ.

ಬೈಲಿಕನು ಕುದುರೆಗಾಡಿಯಲ್ಲಿ ಅವನನ್ನು ಹಳ್ಳಿಗೆ ಸಾಗಿಸಿದನು. ಕತ್ತಿನ ಬೆನ್ನುಮೂಳೆ ಮುರಿದಿತ್ತು. ಸ್ವಲ್ಪ ಹೊತ್ತು ಮಾತನಾಡುತ್ತಿದ್ದವನಿಗೆ ಪ್ರಜ್ಞೆ ತಪ್ಪಿತು. ಸರಕುಗಾಡಿಯಲ್ಲಿ ಬರ್ಲಿನ್ನಿಗೆ ಒಯ್ದು ಪ್ರಸಿದ್ಧ ಶಸ್ತ್ರವೈದ್ಯ ಬೆರ್ಗ್‌ಮನ್ನನ ಚಿಕಿತ್ಸಾಲಯಕ್ಕೆ ಸೇರಿಸಿದರೂ ಫಲವಾಗಲಿಲ್ಲ. ಆಗಸ್ಟ್ 10ರಂದು, ನಲವತ್ತೆಂಟನೆಯ ವಯಸ್ಸಿನಲ್ಲಿ, ಅವನು ಅಸುನೀಗಿದನು. ಬಲಿದಾನ ಅನಿವಾರ್ಯವೆಂಬ ಅರ್ಥದ ಮಾತೊಂದು ಅವನ ಸಮಾಧಿಯ ಕಲ್ಲಿನ ಮೇಲಿದೆ. ಕೊನೆಯುಸಿರಿನಲ್ಲಿ ಅವನೇ ಹಾಗೆಂದನೆಂಬ ಪ್ರತೀತಿಯೂ ಹಬ್ಬಿದೆ. ಅದನ್ನು ನಂಬುವುದು ಕಷ್ಟ. ಸಿಡಿಯದ ಬಾಯ್ಲರನ್ನು ಕಟ್ಟಿದವನು, ಹಲಗೆಯ ಎತ್ತರವನ್ನು ಸ್ವಲ್ಪಸ್ವಲ್ಪವೇ ಏರಿಸಿದವನು ಬಲಿಯನ್ನು ಬೇಡಿದವನಲ್ಲ.

ತಪ್ಪು ಯಾರದು? ಯಂತ್ರದ್ದೋ ಹಾರಿದವನದೋ ಎಂಬ ಚರ್ಚೆ ಅಂದಿನಿಂದ ನಡೆದುಬಂದಿದೆ. 2016ರಲ್ಲಿ ಜರ್ಮನಿಯ ವಾಯುಯಾನ ಸಂಶೋಧಕರು ಅವನ ಗ್ಲೈಡರಿನ ಯಥಾಪ್ರತಿಯನ್ನು ನಿರ್ಮಿಸಿ ನೆದರ್‌ಲೆಂಡ್ಸ್ ದೇಶದ ದೊಡ್ಡ ವಾಯುಸುರಂಗದಲ್ಲಿರಿಸಿ ಪರೀಕ್ಷಿಸಿದರು. ಸಾಮಾನ್ಯ ಹಾರಾಟದಲ್ಲಿ ಅದು ಸ್ಥಿರವಾಗಿಯೇ ನಡೆದುಕೊಳ್ಳುವ ಸಾಧನವೆಂದು ಕಂಡುಬಂದಿತು. ಹಾಗಾದರೆ ದೋಷವೆಲ್ಲ ಹಾರಿದವನ ಮೇಲೆ ಬಂತೇ? ಅದೂ ನ್ಯಾಯವಲ್ಲ. ಬಿಸಿಲಿನಲ್ಲಿ ಏಳುವ ಗಾಳಿಯ ಬುಗ್ಗೆ ಕಣ್ಣಿಗೆ ಕಾಣುವುದಿಲ್ಲ. ಅಂದು ಅದರ ವಿಷಯವನ್ನು ಬಲ್ಲವರೂ ವಿರಳ. ಆದರೂ ಒಂದು ಮಾತನ್ನು ಹೇಳಲೇಬೇಕು. ಮೈಯ ಬೀಸು ಮಿತವಾದುದೆಂಬುದು 1894ರ ಪತನದಲ್ಲಿಯೇ ಅವನಿಗೆ ಗೊತ್ತಾಗಿತ್ತು. ಅದಕ್ಕೆ ಪರಿಹಾರವನ್ನು ಹುಡುಕುತ್ತಲೇ ಅವನು ಹಳೆಯ ಸಾಧನದಲ್ಲಿ ಹಾರುವುದನ್ನೂ ಮುಂದುವರಿಸಿದನು. ಎರಡು ಸಾವಿರ ಸಲ ಕಾಪಾಡಿದ ಕೌಶಲ ಇನ್ನೊಂದು ಸಲವೂ ಕಾಪಾಡೀತೆಂದು ಯಾರಿಗಾದರೂ ಅನ್ನಿಸುವುದೇ.

ಶಿಷ್ಯನಂತಿದ್ದ ಪಿಲ್ಚರನು 1899ರ ಸೆಪ್ಟೆಂಬರ್ 30ರಂದು ಇಂಗ್ಲೆಂಡಿನಲ್ಲಿ ಬಾಲದ ಕಡ್ಡಿ ಮುರಿದು ಬಿದ್ದು ಎರಡು ದಿನಗಳ ಬಳಿಕ ತೀರಿಕೊಂಡನು. ಅಂದು ಹವೆ ಸರಿಯಿರಲಿಲ್ಲ; ಆದರೆ ನೋಡಲು ಗಣ್ಯರು ನೆರೆದಿದ್ದರು. ಈ ಎರಡು ಸಾವುಗಳಿಂದ ಪಾಠ ಕಲಿತವರು ರೈಟ್ ಸಹೋದರರು. ಎಂಜಿನ್ನಿಗಿಂತ ಮೊದಲು ಹಿಡಿತ ಬೇಕೆಂದು ಅವರು ನಿಶ್ಚಯಿಸಿದರು. ಮೈಯ ಬೀಸನ್ನು ಬಿಟ್ಟು ರೆಕ್ಕೆಯನ್ನೇ ತಿರುಚುವ ಉಪಾಯವನ್ನು ಕಂಡುಹಿಡಿದರು. ಮೂತಿಯನ್ನು ಏರಿಸಿ ಇಳಿಸುವ ಪಟಲವನ್ನು ಮುಂದುಗಡೆಯೇ ಇರಿಸಿದರು. 1903ರ ಡಿಸೆಂಬರ್ 17ರಂದು ಅವರ ವಿಮಾನ ಎದ್ದಿತು.

ಮೈಯ ತೂಕದಿಂದಲೇ ಹಾರುವ ವಿದ್ಯೆ ಅಲ್ಲಿಗೆ ಅಳಿಯಲಿಲ್ಲ. 1960ರ ಬಳಿಕ ಹ್ಯಾಂಗ್ ಗ್ಲೈಡರಾಗಿ, ಅನಂತರ ಪುಟ್ಟ ಎಂಜಿನ್ ಕಟ್ಟಿದ ಅಲ್ಟ್ರಾಲೈಟ್ ವಿಮಾನವಾಗಿ ಅದು ಮತ್ತೆ ಹುಟ್ಟಿತು. ಇವುಗಳಲ್ಲಿ ಹಾರುವವನು ರೆಕ್ಕೆಗಳ ನಡುವೆ ಸಿಕ್ಕಿಕೊಳ್ಳದೆ ಕೆಳಗೆ ತೂಗುತ್ತಾನೆ. ಕೈಯಲ್ಲಿ ಹಿಡಿದ ಅಡ್ಡಪಟ್ಟಿಯನ್ನು ತಳ್ಳಿ ಎಳೆದು ಇಡೀ ಮೈಯ ಭಾರವನ್ನೇ ಸರಿಸುತ್ತಾನೆ. ವಿಮಾನವನ್ನೇ ಹೊತ್ತು ಇಳಿಸುವ ಪ್ಯಾರಾಚೂಟುಗಳೂ ಬಂದಿವೆ. ಆದರೂ ನೆಲದ ಸಮೀಪದಲ್ಲಿ ವೇಗ ಕಳೆದುಕೊಂಡು ಮೂತಿ ಕುಸಿದರೆ ಪ್ಯಾರಾಚೂಟು ಬಿಚ್ಚಿಕೊಳ್ಳಲು ಎಡೆಯಿರುವುದಿಲ್ಲ. ಆದ್ದರಿಂದಲೇ ಶಿಕ್ಷಕರು ಇಂದಿಗೂ ವೇಗವನ್ನು ಉಳಿಸಿಕೊಳ್ಳುವುದನ್ನೇ ಎಲ್ಲಕ್ಕಿಂತ ಮೊದಲು ಕಲಿಸುತ್ತಾರೆ.

ಲಿಲಿಯೆಂತಾಲನು ಬಿದ್ದ ಸ್ಟೊಲ್ನ್ ಗ್ರಾಮದಲ್ಲಿ 1989ರ ಅಕ್ಟೋಬರ್ 23ರಂದು ಒಂದು ವಿಚಿತ್ರ ಸಂಭವಿಸಿತು. ನಾಲ್ಕು ಜೆಟ್ ಎಂಜಿನುಗಳ ಇಲ್ಯೂಷಿನ್ 62 ಎಂಬ ಭಾರಿ ಪ್ರಯಾಣಿಕ ವಿಮಾನವನ್ನು ಸುಮಾರು 900 ಮೀಟರು ಉದ್ದದ ಹುಲ್ಲಿನ ಬಯಲಿನಲ್ಲಿ, ಬಲು ಲೆಕ್ಕಾಚಾರದಿಂದ, ಕ್ಷೇಮವಾಗಿ ಇಳಿಸಲಾಯಿತು. ಆ ಮಹಾಸಾಹಸಿಯ ಸ್ಮಾರಕವಾಗಿ ಅದು ಅಲ್ಲಿಯೇ ಉಳಿದಿದೆ. ಅದಕ್ಕಿಟ್ಟಿರುವುದು ಲಿಲಿಯೆಂತಾಲನ ಹೆಸರಲ್ಲ, ಅವನ ಪತ್ನಿ ಆಗ್ನೆಸ್‌ಳ ಹೆಸರು.