ಕಿಟ್ಟೆಲರು ಕಲಿತ ಕನ್ನಡ

ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲರ ನಿಘಂಟನ್ನು ಅರಿಯದ ಕನ್ನಡ ವಿದ್ಯಾರ್ಥಿಯಿಲ್ಲ. ಆದರೆ ಇಪ್ಪತ್ತೊಂದರ ಪ್ರಾಯದ ಜರ್ಮನ್ ತರುಣರೊಬ್ಬರು ನಮ್ಮ ನುಡಿಯ ಪದಗಳೊಡನೆ ಅದರ ನಡವಳಿಕೆಯನ್ನೂ ಕಲಿಯಬೇಕಾಯಿತೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

1832ರಲ್ಲಿ ಪೂರ್ವ ಫ್ರೀಸಿಯಾದ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ ಹುಟ್ಟಿದ ಕಿಟ್ಟೆಲರು ಬಾಸೆಲ್ ಮಿಷನ್ನಿನಲ್ಲಿ ಶಿಕ್ಷಣ ಪಡೆದು 1853ರಲ್ಲಿ ಈ ನಾಡಿಗೆ ಬಂದರು. ಅವರು ಹುಟ್ಟಿದ ವರ್ಷವೇ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತ್ತು. ಅರ್ಥ ಬೇಕೆಂದವರಿಗೆ ಅದರಲ್ಲಿ ಅರ್ಥವುಂಟು. ಆದರೆ ನೆಂಟರ ಮನೆಯಿಂದ ಹೊರಡುವಾಗ ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನಬೇಕು. ಹಿರಿಯರನ್ನು ಬಾ ಎಂದು ಕರೆಯಲಾಗದು. ದೀಪವನ್ನು ಆರಿಸು ಎನ್ನಲು ಹಿಂಜರಿದು ದೊಡ್ಡದು ಮಾಡು ಎನ್ನುವ ಮನೆಗಳೂ ಉಂಟು. ಇವನ್ನು ಯಾವ ಪುಸ್ತಕ ಕಲಿಸೀತು? ತಡವರಿಸಿ ಮಾತನಾಡುವವನು ಇಲ್ಲಿ ತಪ್ಪಿದರೆ ಪರಸ್ಥಳದವನೆಂದು ಜನ ಕ್ಷಮಿಸುತ್ತಾರೆ. ಶುದ್ಧವಾಗಿ ಆಡುವವನು ತಪ್ಪಿದರೆ ಒರಟನೆನ್ನುತ್ತಾರೆ.

ಸುತ್ತಲಿನವರಿಂದ ಕೇಳಿಯೇ ಇದನ್ನು ಕಲಿಯಬೇಕು. ಆದರೆ ಕಲಿಯುವವನ ಕಿವಿಗೆ ಬೀಳುವ ಮಾತಾದರೂ ಎಂಥದು? ಮಲ್ಲಂದೂರಿನಂಥ ಕಾಫಿಯ ಊರುಗಳನ್ನು ನೋಡಿ. ತುಳು, ತಮಿಳು ನಾಡುಗಳಿಂದ, ಈಚೆಗೆ ಅಸ್ಸಾಮಿನಿಂದಲೂ, ಮಲೆನಾಡಿನ ತೋಟಗಳಿಗೆ ಬಂದ ಕೂಲಿಕಾರರು ಮೊದಲು ಕೇಳುವ ಕನ್ನಡವು ಬಹುಮಟ್ಟಿಗೆ ತಮ್ಮ ಮೇಲೆಯೇ ಪ್ರಯೋಗವಾಗುವ ಏಕವಚನ. ಕೇಳಿದ್ದನ್ನೇ ಯಜಮಾನರಿಗೆ ಹಿಂದಿರುಗಿಸಿದರೆ ಅದು ಅಪರಾಧ! ಕಿಟ್ಟೆಲರ ಕಷ್ಟ ಇದಕ್ಕೆ ತಿರುಗುಮುರುಗಾಗಿದ್ದಿರಬೇಕು. ಬಿಳಿಯ ಪಾದ್ರಿಗೆ ಎದುರಾದವರೆಲ್ಲ ಬಹುವಚನವನ್ನೇ ಆಡುವಾಗ, ಜನರು ತಮ್ಮತಮ್ಮೊಳಗೆ ಆಡುವ ಮಾತು ಅವರಿಗೆ ದೊರೆಯುವುದೆಂತು?

ಒಂದು ಅನುಕೂಲ ಮಾತ್ರ ಅವರಿಗಿದ್ದಿತು. ಜರ್ಮನ್ ನುಡಿಯಲ್ಲಿಯೂ ನೀನು-ನೀವುಗಳ ಭೇದವುಂಟು. ತಾಯಿಗೂ ದೇವರಿಗೂ ಅಲ್ಲಿ ಏಕವಚನವೇ ಸಲ್ಲುತ್ತದೆ. ಇಂಗ್ಲಿಷಿನವರಿಗೆ ಈ ಸೂಕ್ಷ್ಮವನ್ನು ಬಿಡಿಸಿ ಹೇಳಬೇಕಾಗುತ್ತದೆ.

ಭಾರತೀಯರ ನಡುವೆ ಭಾರತೀಯನಾಗಬೇಕೆಂಬುದು ಕಿಟ್ಟೆಲರ ಹಂಬಲವಾಗಿತ್ತು. ಯೇಸುವಿನ ಚರಿತ್ರೆಯನ್ನು 1862ರಲ್ಲಿ ಕಥಾಮಾಲೆ ಎಂಬ ಹೆಸರಿನಿಂದ ನಮ್ಮ ಛಂದಸ್ಸಿನಲ್ಲಿಯೇ ಹಾಡಿದರು. ಹೇಳುವ ವಿಷಯ ಹೊಸದಾದರೂ ಹೇಳುವ ರೀತಿ ಕೇಳುವವನದಾಗಿರಲಿ ಎಂಬ ವಿವೇಕ ಅದರಲ್ಲಿದೆ. ಮಿಷನ್ನಿನವರೊಡನೆ ಅವರಿಗೆ ಹೊಂದಿಕೆಯಾಗಲಿಲ್ಲ. ಪ್ರಚಾರಕರಾಗಿ ಗೆದ್ದವರೂ ಅಲ್ಲ. ಆ ಸೋಲು ನಮ್ಮ ಪಾಲಿಗೆ ಲಾಭವಾಯಿತೆಂದರೆ ನಿಷ್ಠುರವೆನಿಸೀತು, ಆದರೂ ನಿಜ. ಅವರ ದುಡಿಮೆಯೆಲ್ಲ ಪಾಂಡಿತ್ಯದ ಕಡೆಗೆ ಹರಿಯಿತು. ಶಬ್ದಮಣಿದರ್ಪಣವೂ ನಾಗವರ್ಮನ ಛಂದಸ್ಸೂ ಅವರ ಸಂಪಾದನೆಯಲ್ಲಿ ಅಚ್ಚಾದವು.

1894ರಲ್ಲಿ ಮಂಗಳೂರಿನಿಂದ ಹೊರಬಂದ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಪುಟ ತೆರೆದವರಿಗೆ ಹಳೆಯ ಕವಿಗಳ ಪ್ರಯೋಗಗಳ ಪಕ್ಕದಲ್ಲಿಯೇ ಗಾದೆಗಳು ಕಾಣುತ್ತವೆ. ಇದು ಮೈಸೂರಿನ ಮಾತು, ಇದು ದಕ್ಷಿಣ ಮರಾಠಾ ಸೀಮೆಯ ಮಾತು ಎಂಬ ಗುರುತುಗಳೂ ಕಾಣುತ್ತವೆ. ಗಾದೆಯೆಂಬುದು ದೊರೆಗಾಗಿ ಹದಗೊಳಿಸಿದ ಮಾತಲ್ಲ. ಜಗಲಿಯಲ್ಲಿ, ಗದ್ದೆಯಲ್ಲಿ, ಅತ್ತೆಸೊಸೆಯರ ಜಗಳದಲ್ಲಿ ಹುಟ್ಟಿದ್ದು. ಯಾವ ಪದ ಯಾರ ಬಾಯಲ್ಲಿ, ಯಾವ ಹೊತ್ತಿನಲ್ಲಿ ಸಲ್ಲುವುದೆಂದು ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

ನಿಘಂಟು ಮುಗಿಯುವ ಹೊತ್ತಿಗೆ ಕಿಟ್ಟೆಲರು ಸ್ವದೇಶಕ್ಕೆ ಮರಳಿದ್ದರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳ ವ್ಯಾಕರಣವನ್ನು 1903ರಲ್ಲಿ ಪ್ರಕಟಿಸಿ, ಆ ಡಿಸೆಂಬರಿನಲ್ಲಿಯೇ ಅವರು ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು.