ಕಾಲಿನ ರಕ್ತನಾಳ ಚಿಕಿತ್ಸೆಯ ಪ್ರವರ್ತಕ ಡಾ. ಚಾರ್ಲ್ಸ್ ಡಾಟರ್ (1920–1985)

ಹಾಸನ ಜಿಲ್ಲೆಯ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಜೀವನಚರಿತ್ರೆಯನ್ನು ನೀಡಲಾಗಿದೆ. ಆಂಜಿಯೋಗ್ರಾಮ್, ಆಂಜಿಯೋಪ್ಲಾಸ್ಟಿ ಎಂಬ ಪದಗಳನ್ನು ಕೇಳಿದೊಡನೆ ಬಹುತೇಕರಿಗೆ ನೆನಪಾಗುವುದು ಹೃದಯ. ಆದರೆ ಕಿರಿದಾದ ರಕ್ತನಾಳವನ್ನು ಶಸ್ತ್ರಚಿಕಿತ್ಸೆಯಿಲ್ಲದೆ, ಸೂಜಿ ಚುಚ್ಚಿದ ರಂಧ್ರದ ಮೂಲಕವೇ ಹಿಗ್ಗಿಸುವ ವಿಧಾನವು ಮೊದಲು ಕೈಗೂಡಿದ್ದು ಓರ್ವ ವೃದ್ಧೆಯ ಕಾಲಿನಲ್ಲಿ. ಅದನ್ನು ನೆರವೇರಿಸಿದವರು ಅಮೆರಿಕದ ಕ್ಷ-ಕಿರಣ ತಜ್ಞ ಡಾ. ಚಾರ್ಲ್ಸ್ ಥಿಯೋಡರ್ ಡಾಟರ್.

ಕಾಲಿನ ಅಪಧಮನಿಗಳ ರಚನೆ

ಗೊರೂರಿನ ಹೇಮಾವತಿ ಜಲಾಶಯದ ನೀರು ಎಡದಂಡೆ ನಾಲೆಯಲ್ಲಿ ಚನ್ನರಾಯಪಟ್ಟಣದ ಕಡೆಗೂ, ಬಲದಂಡೆಯ ನಾಲೆಗಳಲ್ಲಿ ಅರಕಲಗೂಡು, ಹೊಳೆನರಸೀಪುರಗಳ ಕಡೆಗೂ ಹರಿಯುವುದನ್ನು ಜಿಲ್ಲೆಯ ರೈತರು ಬಲ್ಲರು. ನಾಲೆಯ ನಡುವೆ ಹೂಳು ತುಂಬಿದರೆ ಮೊದಲು ಒಣಗುವುದು ಕೊನೆಯಂಚಿನ ಜಮೀನು. ಕಾಲಿನ ರಕ್ತಸಂಚಾರವೂ ಬಹುಮಟ್ಟಿಗೆ ಇದೇ ಬಗೆಯದು. ಹೃದಯದಿಂದ ಹೊರಟ ಮಹಾಪಧಮನಿಯು ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದೊಂದು ಕವಲೂ ತೊಡೆಸಂದನ್ನು ದಾಟಿದ ಮೇಲೆ ತೊಡೆಯ ಅಪಧಮನಿ ಎನಿಸಿಕೊಳ್ಳುತ್ತದೆ. ಅಲ್ಲಿಂದ ಆಳದ ಶಾಖೆಯೊಂದು ತೊಡೆಯ ಸ್ನಾಯುಗಳಿಗೆ ಹೋಗುತ್ತದೆ. ಮುಖ್ಯನಾಳವು ತೊಡೆಯ ಒಳಬದಿಯ ಸ್ನಾಯುಗಳ ನಡುವಿನ ಇಕ್ಕಟ್ಟಾದ ಹಾದಿಯೊಂದನ್ನು ಹಾದು ಮಂಡಿಯ ಹಿಂಭಾಗವನ್ನು ಸೇರುತ್ತದೆ. ಹದಿನೆಂಟನೆಯ ಶತಮಾನದ ಶಸ್ತ್ರವೈದ್ಯ ಜಾನ್ ಹಂಟರ್ ಅವರ ಹೆಸರಿನಿಂದ ಈ ಹಾದಿಯನ್ನು ಹಂಟರನ ನಾಳ ಎಂದು ಕರೆಯುವುದುಂಟು. ಕಾಲಿನ ಅಪಧಮನಿ ಹೆಚ್ಚಾಗಿ ಮುಚ್ಚಿಕೊಳ್ಳುವ ಸ್ಥಳಗಳಲ್ಲಿ ಇದು ಮುಖ್ಯವಾದುದು. ಮಂಡಿಯ ಕೆಳಗೆ ನಾಳವು ಮೂರು ಶಾಖೆಗಳಾಗಿ ಒಡೆದು ಪಾದವನ್ನು ತಲುಪುತ್ತದೆ. ಪಾದದ ಮೇಲ್ಭಾಗದಲ್ಲಿ ಹಾಗೂ ಒಳಹರಡಿನ ಹಿಂದೆ ಬೆರಳಿಟ್ಟು ವೈದ್ಯರು ನಾಡಿ ನೋಡುವುದು ಇವುಗಳದ್ದೇ.

ಜೀವಂತ ವ್ಯಕ್ತಿಯ ದೇಹದಲ್ಲಿ ಈ ನಾಳಗಳನ್ನು ಕಾಣುವುದು ಬಹುಕಾಲ ಸಾಧ್ಯವಿರಲಿಲ್ಲ. 1895ರಲ್ಲಿ ರಾಂಟ್‌ಜನ್ ಅವರು ಕ್ಷ-ಕಿರಣವನ್ನು ಕಂಡುಹಿಡಿದರೂ ಮೂಳೆಯಂತೆ ರಕ್ತನಾಳವು ಆ ಚಿತ್ರದಲ್ಲಿ ಮೂಡುವುದಿಲ್ಲ. 1924ರಲ್ಲಿ ಅಮೆರಿಕದ ಬಾರ್ನಿ ಬ್ರೂಕ್ಸ್ ಅವರು ಅಯೋಡಿನ್ ಬೆರೆತ ದ್ರಾವಣವನ್ನು ಕಾಲಿನ ಅಪಧಮನಿಗೆ ಚುಚ್ಚಿ ಚಿತ್ರ ತೆಗೆದರು. 1927ರಲ್ಲಿ ಪೋರ್ಚುಗಲ್‌ನ ಎಗಾಸ್ ಮೊನಿಜ್ ಮೆದುಳಿನ ನಾಳಗಳನ್ನೂ, 1929ರಲ್ಲಿ ಅದೇ ದೇಶದ ರೇನಾಲ್ಡೊ ದೋಸ್ ಸಾಂಟೋಸ್ ಹೊಟ್ಟೆಯ ಮಹಾಪಧಮನಿಯನ್ನೂ ಚಿತ್ರಿಸಿದರು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಸೂಜಿಯ ಮೂಲಕ ತಂತಿಯನ್ನು ತೂರಿಸಿ, ಅದರ ಜಾಡಿನಲ್ಲೇ ಕ್ಯಾತಿಟರ್ ಎಂಬ ಸಣ್ಣ ನಳಿಕೆಯನ್ನು ನಾಳದೊಳಕ್ಕೆ ಕಳುಹಿಸುವ ಸುಲಭ ಕ್ರಮವನ್ನು ರೂಪಿಸಿದರು. ಆದರೂ ಇವೆಲ್ಲ ನೋಡುವುದಕ್ಕಷ್ಟೇ ಒದಗಿದವು. ಅಡಚಣೆ ಎಲ್ಲಿದೆಯೆಂದು ಚಿತ್ರ ತೋರಿಸುತ್ತಿತ್ತು, ಮುಂದಿನ ಕೆಲಸ ಶಸ್ತ್ರವೈದ್ಯರದಾಗಿತ್ತು. ಮುಖ್ಯ ನಾಳವನ್ನು ಸರಿಪಡಿಸಲಾಗದಿದ್ದಲ್ಲಿ ಕಾಲನ್ನೇ ಕತ್ತರಿಸಲಾಗುತ್ತಿತ್ತು.

ಜನನ, ವಿದ್ಯಾಭ್ಯಾಸ ಮತ್ತು ವೃತ್ತಿ

ಡಾಟರ್ ಅವರು 1920ರ ಜೂನ್ 14ರಂದು ಬಾಸ್ಟನ್ ನಗರದಲ್ಲಿ ಜನಿಸಿದರು. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1941ರಲ್ಲಿ ಪದವಿಯನ್ನೂ, ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ 1944ರಲ್ಲಿ ವೈದ್ಯ ಪದವಿಯನ್ನೂ ಪಡೆದರು. ಹೃದಯ ಮತ್ತು ರಕ್ತನಾಳಗಳ ಚಿತ್ರಣದಲ್ಲಿ ಅವರಿಗೆ ಮೊದಲಿನಿಂದಲೂ ಆಸಕ್ತಿ. 1951ರಲ್ಲಿಯೇ ಇಸ್ರೇಲ್ ಸ್ಟೈನ್‌ಬರ್ಗ್ ಅವರೊಡನೆ ಈ ವಿಷಯದ ಗ್ರಂಥವೊಂದನ್ನು ಹೊರತಂದರು. ಮರುವರ್ಷ, ತಮ್ಮ 32ನೆಯ ವಯಸ್ಸಿನಲ್ಲಿ, ಪೋರ್ಟ್‌ಲ್ಯಾಂಡ್‌ನ ಒರೆಗಾನ್ ವೈದ್ಯಕೀಯ ಶಾಲೆಯ ಕ್ಷ-ಕಿರಣ ವಿಭಾಗದ ಮುಖ್ಯಸ್ಥರಾದರು. ಮರಣದವರೆಗೂ, ಎಂದರೆ ಮೂರು ದಶಕಗಳಿಗೂ ಮಿಗಿಲಾಗಿ, ಅವರು ಆ ಹುದ್ದೆಯಲ್ಲಿದ್ದರು.

ಕೈಕೆಲಸದಲ್ಲಿ ಅವರದು ಎತ್ತಿದ ಕೈ. ಯಂತ್ರಗಳನ್ನು ಬಿಚ್ಚಿ ಜೋಡಿಸುವುದು ಅವರಿಗೆ ಪ್ರಿಯವಾಗಿತ್ತು. ಗಿಟಾರಿನ ತಂತಿ, ಮೋಟಾರು ವಾಹನದ ವೇಗಮಾಪಕದ ಕೇಬಲ್ ಮೊದಲಾದವುಗಳಿಂದಲೂ ತಮ್ಮ ಸಲಕರಣೆಗಳನ್ನು ತಯಾರಿಸಿಕೊಂಡರು. ಬಿಲ್ ಕುಕ್ ಎಂಬ ಚಿಕ್ಕ ತಯಾರಕರೊಡನೆ 1963ರಲ್ಲಿ ಷಿಕಾಗೋ ಸಮ್ಮೇಳನವೊಂದರಲ್ಲಿ ಆದ ಪರಿಚಯವು, ಕ್ಯಾತಿಟರ್‌ಗಳು ಕಾರ್ಖಾನೆಯಲ್ಲಿ ತಯಾರಾಗಿ ಎಲ್ಲೆಡೆ ದೊರೆಯುವುದಕ್ಕೆ ನೆರವಾಯಿತು.

ಅದೇ 1963ರಲ್ಲಿ ಮತ್ತೊಂದು ಘಟನೆ ನಡೆಯಿತು. ರೋಗಿಯೊಬ್ಬರ ಹೊಟ್ಟೆಯ ಮಹಾಪಧಮನಿಯ ಚಿತ್ರ ತೆಗೆಯಲು ತೊಡೆಸಂದಿನಿಂದ ಕ್ಯಾತಿಟರ್ ತೂರಿಸುತ್ತಿದ್ದಾಗ, ಸಂಪೂರ್ಣವಾಗಿ ಮುಚ್ಚಿದ್ದ ಸೊಂಟದ ಭಾಗದ ಅಪಧಮನಿಯನ್ನು ಅದು ತಾನಾಗಿಯೇ ದಾಟಿಹೋಯಿತು. ಮುಚ್ಚಿದ ಹಾದಿ ತೆರೆದಿತ್ತು. ಇತರರು ಇದನ್ನು ಆಕಸ್ಮಿಕವೆಂದು ಬಿಡುತ್ತಿದ್ದರೇನೋ. ಡಾಟರ್ ಅವರು ಅದೇ ವರ್ಷದ ಜೂನ್‌ನಲ್ಲಿ ಚೆಕೊಸ್ಲೊವಾಕಿಯದ ಕಾರ್ಲೊವಿ ವಾರಿಯಲ್ಲಿ ನಡೆದ ಸಮ್ಮೇಳನದಲ್ಲಿ, ರೋಗನಿರ್ಣಯದ ಸಾಧನವಾದ ಕ್ಯಾತಿಟರ್ ಮುಂದೆ ಚಿಕಿತ್ಸೆಯ ಸಾಧನವೂ ಆಗಬಲ್ಲುದೆಂದು ಪ್ರತಿಪಾದಿಸಿದರು.

1964ರ ಜನವರಿ 16

ಅಂದು ಡಾಟರ್ ಅವರ ಬಳಿಗೆ ಬಂದ ರೋಗಿ 82 ವರ್ಷದ ಮಹಿಳೆ. ಎಡಗಾಲಿಗೆ ರಕ್ತ ಸಾಲದೆ ಬೆರಳುಗಳು ಕಪ್ಪಾಗಿ ಕೊಳೆಯತೊಡಗಿದ್ದವು, ವ್ರಣ ಮಾಯುತ್ತಿರಲಿಲ್ಲ, ನೋವು ಅಸಹನೀಯವಾಗಿತ್ತು. ಕಾಲನ್ನು ಕತ್ತರಿಸಬೇಕೆಂಬ ಶಸ್ತ್ರವೈದ್ಯರ ಸಲಹೆಗೆ ಆಕೆ ಒಪ್ಪಿರಲಿಲ್ಲ. ಆಂಜಿಯೋಗ್ರಾಮಿನಲ್ಲಿ ತೊಡೆಯ ಅಪಧಮನಿಯ ಒಂದು ಚಿಕ್ಕ ಭಾಗ ಮಾತ್ರ ಬಹಳ ಕಿರಿದಾಗಿರುವುದು ಕಂಡುಬಂದಿತು. ಡಾಟರ್ ಅವರು ಆ ಕಿರಿದಾದ ಭಾಗದ ಮೂಲಕ ಮೊದಲು ತಂತಿಯನ್ನು ದಾಟಿಸಿದರು. ಅನಂತರ ತಂತಿಯ ಮೇಲೆ ಒಂದು ಸಣ್ಣ ಟೆಫ್ಲಾನ್ ನಳಿಕೆಯನ್ನು, ಅದರ ಮೇಲೆ ಇನ್ನಷ್ಟು ದಪ್ಪನೆಯ ನಳಿಕೆಯನ್ನು ಸರಿಸಿ ನಾಳವನ್ನು ಹಿಗ್ಗಿಸಿದರು. ನಿಮಿಷಗಳಲ್ಲಿ ಪಾದ ಬೆಚ್ಚಗಾಗಿ ಕೆಂಪೇರಿತು. ಕೆಲವೇ ದಿನಗಳಲ್ಲಿ ನೋವು ನಿಂತಿತು, ವ್ರಣಗಳು ಮಾದವು. ಆಕೆ ಆ ಬಳಿಕ ಮೂರು ವರ್ಷಗಳ ಸಮೀಪ ಬದುಕಿದ್ದು, ಕೊನೆಯವರೆಗೂ ತಮ್ಮ ಎರಡೂ ಕಾಲುಗಳಲ್ಲಿ ನಡೆದಾಡುತ್ತಿದ್ದರು.

ಸಹೋದ್ಯೋಗಿ ಮೆಲ್ವಿನ್ ಜಡ್ಕಿನ್ಸ್ ಅವರೊಂದಿಗೆ ಬರೆದ ವರದಿಯು ಅದೇ ವರ್ಷದ ನವೆಂಬರಿನಲ್ಲಿ ಪ್ರಕಟವಾಯಿತು. ಆದರೆ ಸ್ವದೇಶದಲ್ಲಿ ಅದಕ್ಕೆ ಮನ್ನಣೆ ದೊರೆಯಲಿಲ್ಲ. ಕ್ಷ-ಕಿರಣ ವಿಭಾಗದವರು ಚಿಕಿತ್ಸೆಗೆ ಕೈಹಾಕುವುದು ಶಸ್ತ್ರವೈದ್ಯರಿಗೆ ಒಪ್ಪಿಗೆಯಾಗಲಿಲ್ಲ. ಚಿತ್ರ ಮಾತ್ರ ತೆಗೆಯತಕ್ಕದ್ದು, ದುರಸ್ತಿಗೆ ಪ್ರಯತ್ನಿಸಬಾರದು ಎಂಬ ಸೂಚನೆಯನ್ನು ಕೋರಿಕೆ ಪತ್ರದಲ್ಲಿಯೇ ಬರೆದು ಕಳುಹಿಸಿದ ವೈದ್ಯರೂ ಇದ್ದರು. ಡಾಟರ್ ಅವರಿಗೆ ಹುಚ್ಚನೆಂಬ ಅಡ್ಡಹೆಸರೂ ಬಂದಿತು. ಅವರ ನೇರನುಡಿ ಹಾಗೂ ಪ್ರದರ್ಶನಪ್ರಿಯತೆ ವಿರೋಧವನ್ನು ಸ್ವಲ್ಪ ಹೆಚ್ಚಿಸಿರಲೂ ಸಾಕು. ದಪ್ಪ ನಳಿಕೆಯನ್ನು ತಳ್ಳಿದಾಗ ನಾಳಕ್ಕೆ ಪೆಟ್ಟಾಗುವ, ಗರಣೆ ಕಳಚಿ ಕೆಳಕ್ಕೆ ಸಾಗುವ ಅಪಾಯವಿದ್ದುದರಿಂದ ಆಕ್ಷೇಪಣೆಗಳಲ್ಲಿ ಹುರುಳೂ ಇತ್ತೆಂಬುದನ್ನು ಇಲ್ಲಿ ಹೇಳಬೇಕು.

ಈ ವಿಧಾನ ಉಳಿದು ಬೆಳೆದದ್ದು ಯುರೋಪಿನಲ್ಲಿ. ಜರ್ಮನಿಯ ಎಬರ್‌ಹಾರ್ಡ್ ಜೈಟ್ಲರ್ ಇದನ್ನು ಕೈಗೊಂಡರು. ಅವರಿಂದ ಕಲಿತ ಆಂಡ್ರಿಯಾಸ್ ಗ್ರುಂಟ್ಸಿಗ್ ನಳಿಕೆಯ ತುದಿಗೆ ಸಣ್ಣ ಬಲೂನನ್ನು ಅಳವಡಿಸಿ 1974ರಲ್ಲಿ ಕಾಲಿನ ಅಪಧಮನಿಯಲ್ಲಿ ಬಳಸಿದರು. 1977ರ ಸೆಪ್ಟೆಂಬರ್ 16ರಂದು ಜೂರಿಕ್ ನಗರದಲ್ಲಿ ಇದೇ ಬಲೂನು ಹೃದಯದ ರಕ್ತನಾಳವನ್ನು ಪ್ರವೇಶಿಸಿತು. ಇಂದು ನಮ್ಮ ರಾಜ್ಯದ ಜಯದೇವ ಹೃದ್ರೋಗ ಸಂಸ್ಥೆಯಂತಹ ಆಸ್ಪತ್ರೆಗಳಲ್ಲಿ ದಿನನಿತ್ಯ ನಡೆಯುವ ಹೃದಯದ ಆಂಜಿಯೋಪ್ಲಾಸ್ಟಿಯ ಮೂಲ ಇದುವೇ. ನಾಳ ಮತ್ತೆ ಕುಸಿಯದಂತೆ ಒಳಗೆ ಲೋಹದ ಸುರುಳಿಯನ್ನು ಇಡುವ ಪ್ರಯೋಗವನ್ನೂ ಡಾಟರ್ ಅವರು ನಾಯಿಗಳ ಮಂಡಿಯ ಅಪಧಮನಿಗಳಲ್ಲಿ ನಡೆಸಿ 1969ರಲ್ಲಿ ಪ್ರಕಟಿಸಿದ್ದರು. ಸ್ಟೆಂಟ್ ಎಂಬ ಹೆಸರಿನಲ್ಲಿ ಅದು ಬಳಕೆಗೆ ಬಂದದ್ದು ಬಹಳ ವರ್ಷಗಳ ನಂತರ.

ಡಾಟರ್ ಅವರು ಪರ್ವತಾರೋಹಿಯೂ ಆಗಿದ್ದರು. ಕ್ಯಾನ್ಸರ್ ಕಾಯಿಲೆಗೆ ತುತ್ತಾಗಿದ್ದರೂ, ಹೃದಯದ ಶಸ್ತ್ರಚಿಕಿತ್ಸೆಗಳಿಗೆ ಒಳಗಾಗಿದ್ದರೂ ಕೆಲಸವನ್ನು ನಿಲ್ಲಿಸಲಿಲ್ಲ. 1978ರಲ್ಲಿ ಅವರ ಹೆಸರು ನೊಬೆಲ್ ಪ್ರಶಸ್ತಿಗೆ ಸೂಚಿತವಾಗಿತ್ತಾದರೂ ಪ್ರಶಸ್ತಿ ದೊರೆಯಲಿಲ್ಲ. 1985ರ ಫೆಬ್ರವರಿ 15ರಂದು ಪೋರ್ಟ್‌ಲ್ಯಾಂಡ್‌ನಲ್ಲಿ ನಿಧನರಾದರು. ಜಡ್ಕಿನ್ಸ್ ಹಾಗೂ ಗ್ರುಂಟ್ಸಿಗ್ ಇಬ್ಬರೂ ಅದೇ ವರ್ಷ ತೀರಿಕೊಂಡರು. ಪೋರ್ಟ್‌ಲ್ಯಾಂಡ್‌ನಲ್ಲಿ ಡಾಟರ್ ಅವರ ಹೆಸರಿನ ಸಂಸ್ಥೆ 1990ರಲ್ಲಿ ಆರಂಭಗೊಂಡಿತು.

ಸಾರ್ವಜನಿಕರ ಗಮನಕ್ಕೆ

ಕಾಲಿನ ಅಪಧಮನಿ ಕಿರಿದಾಗಲು ಮುಖ್ಯ ಕಾರಣಗಳು ತಂಬಾಕು ಸೇವನೆ ಮತ್ತು ಮಧುಮೇಹ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇದ್ದು, ಆ ಬೆಳೆ ಅನೇಕ ಕುಟುಂಬಗಳ ಜೀವನಾಧಾರವಾಗಿದೆ. ಬೆಳೆಗಾರರಾಗಲಿ, ಇತರರಾಗಲಿ, ಬೀಡಿ ಸಿಗರೇಟು ಸೇದುವವರಲ್ಲಿ ಈ ರೋಗದ ಸಂಭವ ಹೆಚ್ಚು. ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದುಕೊಂಡು, ನಿಂತರೆ ಕಡಿಮೆಯಾಗುವ ನೋವು ಮೊದಲ ಲಕ್ಷಣ. ಇದನ್ನು ವಯಸ್ಸಿನ ನೋವೆಂದು ಅಲಕ್ಷಿಸಲಾಗುತ್ತಿದೆ. ಮಲಗಿದಾಗಲೂ ಪಾದ ನೋಯುವುದು, ಬೆರಳು ಕಪ್ಪಾಗುವುದು, ಗಾಯ ಮಾಯದಿರುವುದು ಕಂಡುಬಂದಲ್ಲಿ ತಡಮಾಡಬಾರದು. ಕಾಲು ಹಠಾತ್ತನೆ ತಣ್ಣಗಾಗಿ ಬಿಳಿಚಿಕೊಂಡು ಜೋಮುಗಟ್ಟಿದರೆ ಕೆಲವೇ ಗಂಟೆಗಳೊಳಗೆ ಚಿಕಿತ್ಸೆ ಆಗಬೇಕು.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ನಾಗರಿಕರು ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಬಹುದು. ಪಾದದ ನಾಡಿ ಪರೀಕ್ಷೆ ಹಾಗೂ ಕಾಲಿನ ಮತ್ತು ತೋಳಿನ ರಕ್ತದೊತ್ತಡದ ಹೋಲಿಕೆಯಿಂದಲೇ ಸಂದೇಹ ಬಹುಪಾಲು ತಿಳಿಯಾಗುತ್ತದೆ. ಅಗತ್ಯವಿದ್ದಲ್ಲಿ 2006ರಲ್ಲಿ ಸ್ಥಾಪಿತವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಅಥವಾ ಉನ್ನತ ಆಸ್ಪತ್ರೆಗೆ ಶಿಫಾರಸು ಪಡೆಯಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ತಮ್ಮ ಚಿಕಿತ್ಸೆಗೆ ದೊರೆಯುವ ಸೌಲಭ್ಯವನ್ನು ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸಿ ತಿಳಿದುಕೊಳ್ಳುವುದು. ಪಡಿತರ ಚೀಟಿ ಮತ್ತು ಆಧಾರ್ ಜೊತೆಯಲ್ಲಿರಲಿ. ಆಂಜಿಯೋಗ್ರಾಮಿಗೆ ಬಳಸುವ ದ್ರಾವಣವು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ, ಮೂತ್ರಪಿಂಡದ ತೊಂದರೆ, ಔಷಧಿಗಳಿಂದಾದ ಅಲರ್ಜಿ ಹಾಗೂ ಸೇವಿಸುತ್ತಿರುವ ಮಧುಮೇಹದ ಮಾತ್ರೆಗಳ ವಿವರವನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.